ಸಂಗೀತವನ್ನು ಕೇಳಲು ಕಲಿತ ಬಗೆ

ಕಳೆದ ವರ್ಷ ನಮ್ಮ ಕಾಲೇಜಿನ ವಾರ್ಷಿಕೋತ್ಸವದ ಸಂಜೆ ಒಂದು ಸಂಗೀತ ಕಛೇರಿಯನ್ನು ಏರ್ಪಡಿಸಲಾಗಿತ್ತು. ವಿದ್ವಾಂಸರು ವರ್ಣವನ್ನು ಮುಗಿಸುವ ಹೊತ್ತಿಗೆ ಸಭಾಂಗಣದ ಹಿಂದಿನ ಮೂರು ಸಾಲುಗಳು ಬರಿದಾಗಿದ್ದುವು. ರಾಗಾಲಾಪನೆಯನ್ನು ಎತ್ತಿಕೊಳ್ಳುವ ಹೊತ್ತಿಗೆ ನಡುವಣ ಸಾಲುಗಳೂ ತೆರವಾದುವು. ಬಾಗಿಲ ಬಳಿ ನಿಂತಿದ್ದ ನಾನು, ಹೊರಗೆ ಹೊರಟಿದ್ದ ಎರಡನೆಯ ವರ್ಷದ ಬಿ.ಎ. ವಿದ್ಯಾರ್ಥಿಯೊಬ್ಬನನ್ನು ತಡೆದು, "ಏನಯ್ಯಾ, ಇಷ್ಟು ಬೇಗ ಹೊರಟೆ?" ಎಂದೆ. ಅವನು ಸಂಕೋಚದಿಂದ ತಲೆ ಕೆರೆದುಕೊಂಡು, "ಚೆನ್ನಾಗೇ ಹಾಡ್ತಾರೆ ಸಾರ್. ಆದ್ರೆ ಇದೆಲ್ಲ ನಮ್ಮಂಥೋರಿಗೆ ಹೇಳಿಸಿದ್ದಲ್ಲ ಬಿಡಿ" ಎಂದು ಹೇಳಿ ಹೊರಟುಹೋದ.

ಆ ಮಾತು ಅಂದಿನಿಂದ ನನ್ನ ಕಿವಿಯಲ್ಲೇ ಉಳಿದಿದೆ. ಏಕೆಂದರೆ ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ, ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದಾಗ, ಅದೇ ಮಾತನ್ನು ನಾನೂ ಆಡಿದ್ದೆ. ಅದು ತಪ್ಪು ಮಾತೆಂದು ತಿಳಿಯಲು ನನಗೆ ಕೆಲವು ವರ್ಷಗಳೇ ಬೇಕಾದುವು. ಆ ವಿದ್ಯಾರ್ಥಿಗೆ ಬಾಗಿಲಲ್ಲಿ ನಿಂತು ಹೇಳಲಾರದೆ ಹೋದ ಉತ್ತರವನ್ನು ಈ ಸಂಚಿಕೆಯಲ್ಲಿ ಬರೆಯೋಣವೆಂದು ಹೊರಟಿದ್ದೇನೆ. ಮೊದಲೇ ಒಂದು ಅರಿಕೆ: ನಾನು ಇತಿಹಾಸವನ್ನು ಬೋಧಿಸುವವನು, ಸಂಗೀತ ವಿದ್ವಾಂಸನಲ್ಲ. ಒಂದು ಸರಳೆವರಸೆಯನ್ನು ಕೂಡ ಶ್ರುತಿ ತಪ್ಪದೆ ಹಾಡಲಾರೆ. ಆದರೆ ಹಾಡಲಾರದವನೂ ಕೇಳಬಲ್ಲ. ಕೇಳುವುದು ಒಂದು ಕಲಿಕೆ, ಅದಕ್ಕೂ ಪಾಠಗಳಿವೆ ಎಂಬಷ್ಟನ್ನು ಮಾತ್ರ ನಾನು ಅನುಭವದಿಂದ ಹೇಳಬಲ್ಲೆ.

ನನ್ನ ಮೊದಲ ಕಛೇರಿಯ ಕಥೆ ಕೇಳಿದರೆ ನೀವು ನಕ್ಕೀರಿ. ಸ್ನೇಹಿತನೊಬ್ಬನ ಬಲವಂತಕ್ಕೆ ಹೋಗಿದ್ದೆ. ಎರಡು ಗಂಟೆಗಳ ಕಾಲ ಹೇಗೋ ಕುಳಿತಿದ್ದಾಯಿತು. ಹಾಡುಗಾರರು ಹಾಡನ್ನು ನಿಲ್ಲಿಸಿ ನೀರು ಕುಡಿದರು, ಮೃದಂಗದವರೊಬ್ಬರೇ ನುಡಿಸತೊಡಗಿದರು. ಕಛೇರಿ ಮುಗಿಯಿತೆಂದು ತಿಳಿದು ನಾನು ಎದ್ದು ನಿಂತೆ. ಪಕ್ಕದಲ್ಲಿದ್ದ ವೃದ್ಧರೊಬ್ಬರು ನನ್ನ ಅಂಗಿಯ ತುದಿಯನ್ನು ಹಿಡಿದು ಜಗ್ಗಿ, "ಯಾಕಪ್ಪಾ ಎದ್ದೆ? ಇಷ್ಟು ಹೊತ್ತು ಅವರಿಗೆ ದುಡಿದವನು ಈಗ ತಾನೇ ತನ್ನ ಮಾತು ಆಡ್ತಾ ಇದಾನೆ. ಕೂತ್ಕೋ" ಎಂದರು. ನಾನು ನಾಚಿ ಕುಳಿತೆ. "ನನಗೆ ಇದೆಲ್ಲ ಹೇಳಿಸಿದ್ದಲ್ಲ ಸಾರ್" ಎಂದೆ. ಅವರು ಉತ್ತರ ಕೊಡಲಿಲ್ಲ. ನನ್ನ ಬಲಗೈಯನ್ನು ಎತ್ತಿ ನನ್ನ ತೊಡೆಯ ಮೇಲೆಯೇ ತಟ್ಟಿಸಿ, ಬೆರಳುಗಳನ್ನು ಒಂದೊಂದಾಗಿ ಎಣಿಸಿ ತೋರಿಸಿದರು. ಮುಂದಿನ ಹತ್ತು ನಿಮಿಷ ನಾನು ಆ ಎಣಿಕೆಯನ್ನು ಬಿಡದೆ ಹಿಡಿದಿದ್ದೆ. ಕೊನೆಯಲ್ಲಿ ಮೃದಂಗ ಒಂದೇ ವಿನ್ಯಾಸವನ್ನು ಮೂರು ಸಲ ನುಡಿಸಿ ನಿಂತ ಜಾಗಕ್ಕೆ ಸರಿಯಾಗಿ ಹಾಡುಗಾರರು ಪಲ್ಲವಿಯನ್ನು ಎತ್ತಿಕೊಂಡರು, ಸಭೆ ಚಪ್ಪಾಳೆ ತಟ್ಟಿತು, ನಾನೂ ತಟ್ಟಿದೆ. ಆ ಸಂಜೆ ನಾನು ಕಾರಣ ತಿಳಿದು ತಟ್ಟಿದ ಚಪ್ಪಾಳೆ ಅದೊಂದೇ.

ಆ ವೃದ್ಧರ ಹೆಸರನ್ನು ಕೇಳಿಕೊಳ್ಳದೆ ಬಂದೆ. ಆದರೆ ಅವರು ಕೊಟ್ಟ ಪಾಠದಿಂದಲೇ ನಾವೂ ಆರಂಭಿಸೋಣ.

ತಾಳ. ಹೊಸಬನಿಗೆ ಅತ್ಯಂತ ಸುಲಭವಾಗಿ ಸಿಕ್ಕುವ ಹಿಡಿ ಇದು. ನಮ್ಮ ಕೃತಿಗಳಲ್ಲಿ ಬಹಳಷ್ಟು ಆದಿತಾಳದಲ್ಲಿವೆ. ಅದಕ್ಕೆ ಎಂಟು ಎಣಿಕೆ. ಅಂಗೈಯನ್ನು ತೊಡೆಯ ಮೇಲೆ ಒಮ್ಮೆ ತಟ್ಟಿರಿ; ಬಳಿಕ ಕಿರುಬೆರಳು, ಉಂಗುರದ ಬೆರಳು, ನಡುಬೆರಳುಗಳನ್ನು ಒಂದೊಂದಾಗಿ ಎಣಿಸಿರಿ. ಇಲ್ಲಿಗೆ ನಾಲ್ಕಾಯಿತು, ಇದಕ್ಕೆ ಲಘು ಎಂದು ಹೆಸರು. ಮತ್ತೆ ಒಮ್ಮೆ ತಟ್ಟಿ, ಕೈಯನ್ನು ಮಗುಚಿ ಹಿಡಿಯಿರಿ. ಇದು ಎರಡು ಎಣಿಕೆಯ ದ್ರುತ. ಇನ್ನೊಂದು ದ್ರುತವನ್ನು ಹಾಗೆಯೇ ಹಾಕಿದರೆ ಎಂಟಾಗಿ ಒಂದು ಆವರ್ತ ಮುಗಿಯುತ್ತದೆ. ಇಷ್ಟೇ ವಿದ್ಯೆ. ಇದನ್ನು ಬಸ್ಸಿನಲ್ಲಿ ಕುಳಿತು ಅಭ್ಯಾಸ ಮಾಡಬಹುದು. ಗಡಿಯಾರದಂತೆ ಒಂದೇ ವೇಗದಲ್ಲಿ ಐದು ನಿಮಿಷ ಹಾಕುವುದು ಬಂದಮೇಲೆ ಹಾಡನ್ನು ಕೇಳುತ್ತಾ ಹಾಕಿರಿ. ಆಗ ಎರಡು ಸಂಗತಿಗಳು ಗೋಚರವಾಗುತ್ತವೆ. ಒಂದು, ಹಾಡು ಎಲ್ಲ ವೇಳೆಯಲ್ಲಿಯೂ ಮೊದಲ ಪೆಟ್ಟಿಗೇ ಆರಂಭವಾಗುವುದಿಲ್ಲ. ಕೆಲವೊಮ್ಮೆ ಪೆಟ್ಟು ಬಿದ್ದು ಅರೆ ಎಣಿಕೆಯಾದ ಮೇಲೆ ಮಾತು ಹುಟ್ಟುತ್ತದೆ. ಈ ಆರಂಭದ ಜಾಗಕ್ಕೆ ಎತ್ತುಗಡೆ ಎನ್ನುತ್ತಾರೆ. ಇನ್ನೊಂದು, ಗಾಯಕರು ಎಷ್ಟು ದೂರ ಅಲೆದರೂ ಮತ್ತೆ ಅದೇ ಜಾಗಕ್ಕೆ ಹಿಂದಿರುಗಬೇಕು. ಆ ಹಿಂದಿರುಗುವಿಕೆಯನ್ನು ಕಾಯುತ್ತಾ ಕೂಡುವುದೇ ರಸಿಕನ ಮೊದಲ ಸುಖ. ಕಬಡ್ಡಿಯ ಆಟಗಾರ ಎದುರಾಳಿಗಳ ಅಂಗಳಕ್ಕೆ ನುಗ್ಗಿ ಉಸಿರು ಬಿಡದೆ ಗೆರೆಗೆ ಮರಳುವುದನ್ನು ನಾವು ಹೇಗೆ ನೋಡುತ್ತೇವೆಯೋ ಹಾಗೆ. ಗೆರೆ ಎಲ್ಲಿದೆಯೆಂದು ತಿಳಿಯದವನಿಗೆ ಕಬಡ್ಡಿಯೂ ಬರಿಯ ತಳ್ಳಾಟವಾಗಿ ಕಾಣುತ್ತದೆ. ಆದಿತಾಳ ಕೈಗೆ ಹತ್ತಿದ ಮೇಲೆ ಮೂರು ಮತ್ತು ನಾಲ್ಕು ಸೇರಿ ಏಳಾಗುವ ಮಿಶ್ರಛಾಪು, ಎರಡು ಮತ್ತು ಮೂರು ಸೇರಿ ಐದಾಗುವ ಖಂಡಛಾಪು ಇವನ್ನು ಗುರುತಿಸುವುದು ಕಷ್ಟವಲ್ಲ.

ಎರಡನೆಯ ಪಾಠ ಶ್ರುತಿ. ಕಛೇರಿಯ ಆರಂಭದಲ್ಲಿ ಕಲಾವಿದರು ತಂತಿಗಳನ್ನು ತಿರುಗಿಸುತ್ತಾ, ಮೃದಂಗದ ಅಂಚನ್ನು ಕಲ್ಲಿನಿಂದ ಕುಟ್ಟುತ್ತಾ, ಅದರ ಎಡಭಾಗಕ್ಕೆ ಕಲಸಿದ ರವೆಯನ್ನು ಮೆತ್ತುತ್ತಾ ಕುಳಿತಿರುವುದನ್ನು ನೋಡಿ, ಇವರು ಮನೆಯಲ್ಲಿಯೇ ಸಿದ್ಧವಾಗಿ ಬರಬಾರದಿತ್ತೆ ಎಂದು ನಾನು ಬೇಸರಪಟ್ಟದ್ದುಂಟು. ಆಮೇಲೆ ತಿಳಿಯಿತು, ಅವರು ಒಂದೇ ಒಂದು ಸ್ವರಕ್ಕೆ, ಆಧಾರ ಷಡ್ಜಕ್ಕೆ, ಎಲ್ಲರನ್ನೂ ತಂದು ನಿಲ್ಲಿಸುತ್ತಿದ್ದಾರೆ ಎಂದು. ತಂಬೂರಿಗೆ ನಾಲ್ಕು ತಂತಿಗಳು: ಪಂಚಮ, ಎರಡು ಷಡ್ಜಗಳು, ಒಂದು ಮಂದ್ರ ಷಡ್ಜ. ಕುದುರೆಯ ಮೇಲೆ ತಂತಿಯ ಅಡಿಯಲ್ಲಿ ಒಂದು ಎಳೆ ನೂಲನ್ನು ಸೇರಿಸಿರುತ್ತಾರೆ; ಆ ನೂಲು ಸರಿಯಾದ ಜಾಗದಲ್ಲಿ ನಿಂತಾಗ ನಾದಕ್ಕೆ ಝೇಂಕಾರ ಬರುತ್ತದೆ. ಅದನ್ನು 'ಜೀವ' ಎಂದು ಕರೆಯುವುದು ಎಷ್ಟು ಒಪ್ಪುವ ಮಾತು! ಈಗ ವಿದ್ಯುತ್ತಿನ ಶ್ರುತಿಪೆಟ್ಟಿಗೆಗಳಿವೆ. ನಿಮ್ಮ ಮೊಬೈಲಿನಲ್ಲಿಯೂ ತಂಬೂರಿಯ ನಾದ ದೊರೆಯುತ್ತದೆ. ದಿನಕ್ಕೆ ಐದು ನಿಮಿಷ ಬೇರೇನನ್ನೂ ಮಾಡದೆ ಅದನ್ನೇ ಕೇಳಿರಿ. ಮೊದಲ ದಿನ ಬೇಸರವಾದೀತು. ವಾರ ಕಳೆದ ಮೇಲೆ ಹಾಡುಗಾರರು ಷಡ್ಜಕ್ಕೆ ಬಂದು ನಿಂತಾಗ ಮನೆಗೆ ಬಂದಂತೆ ನಿಮಗೆ ತೋರುತ್ತದೆ. ನಿಷಾದದ ಮೇಲೆ ನಿಲ್ಲಿಸಿದಾಗ ಹೊಸ್ತಿಲಲ್ಲಿ ನಿಂತಂತೆ ತವಕವಾಗುತ್ತದೆ. ಸ್ವರಗಳ ಹೆಸರು ತಿಳಿಯದಿದ್ದರೂ ಈ ಮನೆ, ಈ ಹೊಸ್ತಿಲು ತಿಳಿದರೆ ಸಾಕು.

ಮೂರನೆಯದಾದ ರಾಗದ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ನೀವು ಮಾಡಬಾರದೆಂದು ವಿವರವಾಗಿ ಹೇಳುತ್ತೇನೆ. ನಾನು ಪುಸ್ತಕದ ಹುಳು. ಗ್ರಂಥಾಲಯದಿಂದ ಸಂಗೀತಶಾಸ್ತ್ರದ ಒಂದು ಪುಸ್ತಕವನ್ನು ತಂದು, ಕನಕಾಂಗಿಯಿಂದ ರಸಿಕಪ್ರಿಯದವರೆಗೆ 72 ಮೇಳಕರ್ತ ರಾಗಗಳ ಹೆಸರನ್ನು ಬಾಯಿಪಾಠ ಮಾಡಿದೆ. ಹನ್ನೆರಡು ಸ್ವರಸ್ಥಾನಗಳನ್ನು ಇಟ್ಟುಕೊಂಡು 72 ಮೇಳಗಳ ಕ್ರಮವನ್ನು 17ನೆಯ ಶತಮಾನದಲ್ಲಿ ವೆಂಕಟಮಖಿ 'ಚತುರ್ದಂಡಿ ಪ್ರಕಾಶಿಕೆ'ಯಲ್ಲಿ ನಿರೂಪಿಸಿದ್ದು ಭಾರತೀಯ ಬುದ್ಧಿಯ ಒಂದು ದೊಡ್ಡ ಸಾಧನೆಯೇ ಸರಿ. ಮೊದಲ 36ರಲ್ಲಿ ಶುದ್ಧ ಮಧ್ಯಮ, ಉಳಿದ 36ರಲ್ಲಿ ಪ್ರತಿಮಧ್ಯಮ. ಆದ್ದರಿಂದ 29ನೆಯ ಶಂಕರಾಭರಣಕ್ಕೆ 36ನ್ನು ಕೂಡಿಸಿದರೆ 65ನೆಯ ಕಲ್ಯಾಣಿ ಬರುತ್ತದೆ. ಎರಡಕ್ಕೂ ಮಧ್ಯಮವೊಂದೇ ವ್ಯತ್ಯಾಸ. ಇದನ್ನೆಲ್ಲ ನಾನು ಒಪ್ಪಿಸಬಲ್ಲವನಾಗಿದ್ದೆ. ಆದರೆ ಯಾರಾದರೂ ಕಲ್ಯಾಣಿಯನ್ನು ಹಾಡಿದರೆ ಅದು ಕಲ್ಯಾಣಿಯೆಂದು ಗುರುತಿಸಲಾರದವನಾಗಿದ್ದೆ. ಊರಿನ ಮತದಾರರ ಪಟ್ಟಿಯನ್ನು ಬಾಯಿಪಾಠ ಮಾಡಿ, ಬೀದಿಯಲ್ಲಿ ಎದುರಾದ ಒಬ್ಬರ ಮುಖವನ್ನೂ ಅರಿಯದವನ ಪಾಡು ನನ್ನದಾಗಿತ್ತು.

ರಾಗವೆಂಬುದು ಬರಿಯ ಸ್ವರಗಳ ಪಟ್ಟಿಯಲ್ಲ. ಆರಭಿ ಮತ್ತು ದೇವಗಾಂಧಾರಿ ಎಂಬ ಎರಡು ರಾಗಗಳಿವೆ. ಬರೆದು ನೋಡಿದರೆ ಎರಡರ ಆರೋಹಣ ಅವರೋಹಣಗಳೂ ಒಂದೇ. ಆದರೂ ಅನುಭವಿಗಳು ಒಂದು ಪಲುಕಿನಲ್ಲಿಯೇ ಇವನ್ನು ಬೇರ್ಪಡಿಸುತ್ತಾರೆ. ಆರಭಿಯದು ಚುರುಕು ನಡೆ, ದೇವಗಾಂಧಾರಿಯದು ನಿಧಾನವಾಗಿ ತೂಗುವ ನಡೆ. ದೂರದಲ್ಲಿ ಬರುತ್ತಿರುವ ನೆಂಟರನ್ನು ಮುಖ ಕಾಣುವ ಮೊದಲೇ ನಡಿಗೆಯಿಂದ ಗುರುತಿಸುವುದಿಲ್ಲವೆ? ರಾಗದ ಪರಿಚಯವೂ ಹಾಗೆಯೇ. ನಡಿಗೆಯ ಪರಿಚಯ ಮತ್ತೆ ಮತ್ತೆ ಕಾಣುವುದರಿಂದಲ್ಲದೆ ಬೇರೆ ಬಗೆಯಲ್ಲಿ ಆಗುವುದಿಲ್ಲ. ಆದುದರಿಂದ 72ನ್ನು ಪಕ್ಕಕ್ಕಿಟ್ಟು ಒಂದೇ ಒಂದು ರಾಗವನ್ನು ಹಿಡಿಯಿರಿ. ನನ್ನನ್ನು ಕೇಳಿದರೆ ಅದು ಮೋಹನವಾಗಲಿ. ಅದರಲ್ಲಿ ಐದೇ ಸ್ವರಗಳು: ಸ ರಿ ಗ ಪ ದ. ಮಧ್ಯಮವೂ ನಿಷಾದವೂ ಇಲ್ಲ. ಒಂದು ತಿಂಗಳು ಬೇರೆ ಬೇರೆಯವರು ಹಾಡಿದ, ಕೊಳಲು ವೀಣೆಗಳಲ್ಲಿ ನುಡಿಸಿದ ಮೋಹನವನ್ನೇ ಕೇಳಿರಿ. ತ್ಯಾಗರಾಜರ (1767–1847) 'ನನ್ನು ಪಾಲಿಂಪ' ಎಂಬ ಕೃತಿ ಮೋಹನದಲ್ಲಿ, ಆದಿತಾಳದಲ್ಲಿಯೇ ಇದೆ. ಮುಂದಿನ ತಿಂಗಳು ಹಂಸಧ್ವನಿಗೆ ಬನ್ನಿ. ಅದರ ಸ್ವರಗಳೂ ಐದೇ: ಸ ರಿ ಗ ಪ ನಿ. ಮೋಹನದ ದೈವತ ಹೋಗಿ ನಿಷಾದ ಬಂದಿದೆ, ಅಷ್ಟೆ. ಮುತ್ತುಸ್ವಾಮಿ ದೀಕ್ಷಿತರ (1775–1835) 'ವಾತಾಪಿ ಗಣಪತಿಂ' ಈ ರಾಗದ ಪ್ರಸಿದ್ಧ ಕೃತಿ. ಒಂದು ಸ್ವರ ಬದಲಾದ ಮಾತ್ರಕ್ಕೆ ಇಡೀ ಮನೆಯ ಬೆಳಕೇ ಬೇರೆಯಾದುದನ್ನು ನಿಮ್ಮ ಕಿವಿ ತಾನಾಗಿಯೇ ಹೇಳುತ್ತದೆ.

ಮೋಹನವನ್ನೇ ಏಕೆ ಆರಿಸಿದೆನೆಂಬುದಕ್ಕೆ ನನ್ನದೇ ಒಂದು ಕಾರಣವಿದೆ; ಅದನ್ನು ಹೇಳದಿದ್ದರೆ ಈ ಲೇಖನ ಪ್ರಾಮಾಣಿಕವಾಗಲಾರದು.

ನಮ್ಮ ತಾತ ಊರಿನ ಭಜನೆ ಮನೆಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರು. ಅಕ್ಷರ ಬಾರದ ರೈತ. ಶನಿವಾರ ರಾತ್ರಿ ಹತ್ತು ಹನ್ನೆರಡು ಮಂದಿ ಸೇರಿ ತಾಳ ದಮ್ಮಡಿಗಳೊಡನೆ ತತ್ವಪದಗಳನ್ನೂ ದೇವರನಾಮಗಳನ್ನೂ ಹಾಡುತ್ತಿದ್ದರು. ನಾನು ಐದಾರು ವರ್ಷದವನಿದ್ದಾಗ ಪೆಟ್ಟಿಗೆಯ ಮುಂದೆ ಕೂರಿಸಿಕೊಂಡು, "ಕರೀ ಮನೆ ಮ್ಯಾಲೇ ಕೈ ಆಡ್ಸು ಮಗ, ತಪ್ಪಾಗಾಕಿಲ್ಲ" ಎನ್ನುತ್ತಿದ್ದರು. ನಿಜವಾಗಿಯೂ ತಪ್ಪಾಗುತ್ತಿರಲಿಲ್ಲ. ಹೇಗೆ ಒತ್ತಿದರೂ ಕಿವಿಗೆ ಹಿತವಾಗಿಯೇ ಕೇಳುತ್ತಿತ್ತು. ಮುಂದೆ ನಾನು ನಗರಕ್ಕೆ ಓದಲು ಹೋದೆ. ಒಮ್ಮೆ ಹಾಸ್ಟೆಲಿನ ಗೆಳೆಯರಿಬ್ಬರು ಊರ ಹಬ್ಬಕ್ಕೆ ಬಂದಾಗ ತಾತ ಉತ್ಸಾಹದಿಂದ ಪೆಟ್ಟಿಗೆಯನ್ನು ತಂದು ಜಗಲಿಯ ಮೇಲಿಟ್ಟರು. ನನಗೆ ಅದೇಕೋ ಅವಮಾನವೆನಿಸಿ, "ಬೇಡ ತಾತ, ಇವರಿಗೆ ಅದೆಲ್ಲ ಹಿಡಿಸಾಕಿಲ್ಲ" ಎಂದುಬಿಟ್ಟೆ. ಅವರು ಏನೂ ಅನ್ನಲಿಲ್ಲ. "ಹೂಂ ಕಣಪ್ಪ" ಎಂದು ಪೆಟ್ಟಿಗೆಯನ್ನು ಮುಚ್ಚಿ ಒಳಗೆ ತೆಗೆದುಕೊಂಡು ಹೋದರು.

ಮೊದಲ ಕಛೇರಿಯಾದ ಮೇಲೆ ಎರಡು ಮೂರು ವರ್ಷ ಕಳೆದಿರಬೇಕು. ಒಂದು ಸಂಜೆ ಕಛೇರಿಯಲ್ಲಿ ವಿದ್ವಾಂಸರು ಮೋಹನದ ಆಲಾಪನೆಯನ್ನು ಮಾಡುತ್ತಿದ್ದರು. ಅವರು ಬಿಟ್ಟ ಜಾಗವನ್ನು ಪಿಟೀಲಿನವರು ಹಿಡಿದು ಮೆಲ್ಲನೆ ಮೇಲೇರುತ್ತಿದ್ದರು. ಇದ್ದಕ್ಕಿದ್ದಂತೆ ನನ್ನ ಬೆರಳುಗಳು ತೊಡೆಯ ಮೇಲೆ ಆಡತೊಡಗಿದುವು: ಮೂರು ಮನೆ, ಸ್ವಲ್ಪ ಬಿಟ್ಟು ಎರಡು ಮನೆ. ಹಾರ್ಮೋನಿಯಂನಲ್ಲಿ ಮೂರು ಕಪ್ಪು ಮನೆಗಳು ಒಟ್ಟಿಗಿರುವ ಕಡೆ ಮೊದಲನೆಯದನ್ನು ಷಡ್ಜವಾಗಿ ಇಟ್ಟುಕೊಂಡು ಕಪ್ಪು ಮನೆಗಳನ್ನೇ ಒತ್ತುತ್ತಾ ಹೋದರೆ ಸಿಕ್ಕುವುದು ಸ ರಿ ಗ ಪ ದ, ಮೋಹನದ ಐದು ಸ್ವರಗಳೇ! ಪುಸ್ತಕದ 72 ಹೆಸರುಗಳಲ್ಲಿ ನಾನು ಹುಡುಕಿ ಸೋತುದನ್ನು ತಾತ ಐದು ವರ್ಷದ ಮಗುವಿನ ಕೈಗೆ ಆಟಿಕೆಯಾಗಿ ಕೊಟ್ಟಿದ್ದರು. ಅದನ್ನು ಅವರಿಗೆ ಹೇಳಬೇಕೆಂದು ಆ ಕ್ಷಣ ಅನಿಸಿತು. ಆದರೆ ಅವರು ತೀರಿಕೊಂಡು ಆಗಲೇ ಒಂದು ವರ್ಷವಾಗಿತ್ತು.

ತಾತ ವಿದ್ವಾಂಸರಾಗಿದ್ದರೆಂದು ನಾನು ಹೇಳುತ್ತಿಲ್ಲ. ಭಜನೆಗೂ ಕಛೇರಿಗೂ ನಡುವೆ ಸಾಧನೆಯ ಅಂತರ ಬಹಳವಿದೆ. ಐದು ಸ್ವರಗಳನ್ನು ಒತ್ತುವುದಕ್ಕೂ ಅವುಗಳಿಂದ ಅರ್ಧ ಗಂಟೆಯ ಕಾಲ ಮೋಹನದ ರೂಪವನ್ನು ಕಟ್ಟುವುದಕ್ಕೂ ನಡುವೆ ಒಂದು ಆಯುಷ್ಯದ ದುಡಿಮೆಯಿದೆ. ನಾನು ಹೇಳುವುದಿಷ್ಟೆ: ನಮ್ಮ ಕಿವಿ ಬರಿದಲ್ಲ. ಮದುವೆಯ ಮನೆಯ ನಾಗಸ್ವರ, ದೇವಸ್ಥಾನದ ಭಜನೆ, ಯಕ್ಷಗಾನದ ಭಾಗವತಿಕೆ, ನಾಟಕದ ಕಂದಪದ್ಯ, ಹಳೆಯ ಚಿತ್ರಗೀತೆ ಇವೆಲ್ಲ ನಮಗೆ ತಿಳಿಯದಂತೆಯೇ ರಾಗಗಳನ್ನು ನಮ್ಮೊಳಗೆ ಬಿತ್ತಿವೆ. ಕೇಳಲು ಕಲಿಯುವುದೆಂದರೆ ಬಹುಮಟ್ಟಿಗೆ ಈಗಾಗಲೇ ಬಲ್ಲುದನ್ನು ಗುರುತಿಸುವುದು.

ನಾಲ್ಕನೆಯ ಪಾಠ ಕೃತಿ ಮತ್ತು ಕಛೇರಿಯ ಕ್ರಮ. ಕೃತಿಗೆ ಸಾಮಾನ್ಯವಾಗಿ ಪಲ್ಲವಿ, ಅನುಪಲ್ಲವಿ, ಚರಣವೆಂದು ಮೂರು ಭಾಗಗಳು. "ಒಂದೇ ಸಾಲನ್ನು ಎಷ್ಟು ಸಲ ಹಾಡುತ್ತಾರೆ?" ಎಂಬುದು ಹೊಸಬರ ದೂರು. ಗಮನವಿಟ್ಟು ಕೇಳಿದರೆ ಪ್ರತಿ ಸಲವೂ ಒಂದು ಎಳೆ ಹೆಚ್ಚು ಸೇರಿರುತ್ತದೆ. ಅದಕ್ಕೆ ಸಂಗತಿ ಎಂದು ಹೆಸರು. ಮೊದಲ ಸಂಗತಿ ಸರಳ, ಕೊನೆಯದು ತುಂಬಿದ ತೆನೆ. ಭಾಷೆಯ ತೊಡಕೂ ಇದೆ. ಹೆಚ್ಚಿನ ಕೃತಿಗಳು ತೆಲುಗು ಸಂಸ್ಕೃತಗಳಲ್ಲಿವೆ. ಹಾಡಿನ ಸಾರಾಂಶವನ್ನು ಎರಡು ವಾಕ್ಯಗಳಲ್ಲಿ ತಿಳಿದುಕೊಂಡು ಕೇಳಿದರೆ ಈ ತೊಡಕು ಮುಕ್ಕಾಲು ಪಾಲು ಕಳೆಯುತ್ತದೆ. ನಾನು ಹೆಸರಿಸಿದ 'ನನ್ನು ಪಾಲಿಂಪ'ದ ವಿಷಯವೇನೆಂದರೆ, ರಾಮ ಭಕ್ತನ ಬಳಿಗೆ ಕಾಲ್ನಡಿಗೆಯಲ್ಲಿ ಬಂದನೆಂಬ ಬೆರಗು. ಇಷ್ಟು ತಿಳಿದರೆ ಆ ಪಲ್ಲವಿ ಮತ್ತೆ ಮತ್ತೆ ಬರುವುದೇಕೆಂದು ತಾನಾಗಿ ತಿಳಿಯುತ್ತದೆ. ಬೆರಗಾದವನು ಒಂದೇ ಮಾತನ್ನು ಮತ್ತೆ ಮತ್ತೆ ಆಡದೆ ಇನ್ನೇನು ಮಾಡಿಯಾನು?

ಕಛೇರಿಯ ಇಂದಿನ ಕ್ರಮವನ್ನು ರೂಢಿಗೆ ತಂದ ಕೀರ್ತಿಯನ್ನು ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್ಯರಿಗೆ (1890–1967) ಸಲ್ಲಿಸುತ್ತಾರೆ. ಮೊದಲು ವರ್ಣ, ಬಳಿಕ ಕೆಲವು ಚಿಕ್ಕ ಕೃತಿಗಳು, ನಡುವೆ ಒಂದು ರಾಗವನ್ನು ವಿಸ್ತರಿಸಿ ಹಾಡುವ ಪ್ರಧಾನ ಭಾಗ. ಇದರಲ್ಲಿ ಮಾತಿಲ್ಲದ, ತಾಳವಿಲ್ಲದ ಆಲಾಪನೆ, ಕೃತಿ, ಒಂದೇ ಸಾಲನ್ನು ತಾಳದೊಳಗೆ ಬೇರೆ ಬೇರೆಯಾಗಿ ಹರಡುವ ನೆರವಲು, ಸ್ವರಾಕ್ಷರಗಳನ್ನೇ ಹೆಣೆಯುವ ಕಲ್ಪನಾಸ್ವರ, ಕೊನೆಗೆ ನಾನು ಎದ್ದು ಹೊರಟಿದ್ದೆನಲ್ಲ, ಆ ತನಿ ಆವರ್ತನ. ಅಲಾಪನೆಯೂ ಕಲ್ಪನಾಸ್ವರವೂ ಅಲ್ಲಿಯೇ ಹುಟ್ಟುವಂಥವು. ಹಿಂದಿನ ದಿನ ಬರೆದು ತಂದದ್ದಲ್ಲ. ಇದು ತಿಳಿದಮೇಲೆ ಆಲಾಪನೆಯ ಹೊತ್ತಿನಲ್ಲಿ ಎದ್ದುಹೋಗಲು ಮನಸ್ಸು ಬಾರದು. ಕೊನೆಯಲ್ಲಿ ದೇವರನಾಮ, ಜಾವಳಿ, ತಿಲ್ಲಾನ ಮುಂತಾದ ಲಘು ರಚನೆಗಳು, ಮಂಗಳ. ಹೊಸಬರಿಗೆ ನನ್ನ ಸಲಹೆ: ಈ ಕೊನೆಯ ಭಾಗದಿಂದಲೇ ಆರಂಭಿಸಿರಿ. ಪುರಂದರದಾಸರ ಪದವೊಂದನ್ನು ಇಷ್ಟಪಟ್ಟು ಕೇಳುವುದರಲ್ಲಿ ಕೀಳೇನೂ ಇಲ್ಲ. ಮಾಯಾಮಾಳವಗೌಳದಲ್ಲಿ ಆರಂಭಿಕ ಪಾಠಗಳ ಕ್ರಮವನ್ನು ಹಾಕಿಕೊಟ್ಟವರು ಅವರೇ ಎಂದು ಪರಂಪರೆ ನಂಬುತ್ತದೆ. ಕರ್ನಾಟಕ ಸಂಗೀತದ ಪಿತಾಮಹನೆಂದು ಅವರನ್ನು ಕರೆಯುವುದು ಆದ್ದರಿಂದಲೇ. ಕನ್ನಡದ ಕಿವಿಗೆ ಅದಕ್ಕಿಂತ ಹತ್ತಿರದ ಬಾಗಿಲು ಬೇರೆ ಯಾವುದು?

ನಮ್ಮ ನಾಡಿಗೆ ಇನ್ನೊಂದು ಭಾಗ್ಯವಿದೆ. ಮೈಸೂರಿನ ಕಡೆ ವೀಣೆ ಶೇಷಣ್ಣನವರು (1852–1926), ವಾಸುದೇವಾಚಾರ್ಯರು (1865–1961), ಪಿಟೀಲು ಚೌಡಯ್ಯನವರು (1895–1967) ಕರ್ನಾಟಕ ಪದ್ಧತಿಯನ್ನು ಬೆಳಗಿದರೆ, ಧಾರವಾಡ ಗದಗುಗಳ ಕಡೆ ಹಿಂದೂಸ್ಥಾನೀ ಪದ್ಧತಿ ಮನೆಮಾತಾಗಿದೆ. ಸವಾಯಿ ಗಂಧರ್ವ, ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಇವರ ಹೆಸರನ್ನು ಕೇಳದವರು ವಿರಳ. ಮೋಹನವನ್ನು ಬಲ್ಲವನಿಗೆ ಅಲ್ಲಿಯ ಭೂಪ್ ಅಪರಿಚಿತವೆನಿಸದು. ನಮ್ಮ ಕಲ್ಯಾಣಿಯ ಮುಖ ಅಲ್ಲಿಯ ಯಮನ್‌ದಲ್ಲಿ, ಹಿಂದೋಳದ ಮುಖ ಮಾಲಕೌಂಸ್‌ದಲ್ಲಿ ಕಾಣುತ್ತದೆ. ಸ್ವರಗಳು ಅವೇ, ನಡೆ ಬೇರೆ. ಭೀಮಸೇನ ಜೋಶಿಯವರು (1922–2011) ಬಾಲಕನಾಗಿದ್ದಾಗ ಅಂಗಡಿಯೊಂದರಲ್ಲಿ ಹಾಕಿದ್ದ ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆಯನ್ನು ಕೇಳಿ ಮರುಳಾಗಿ, ಮುಂದೆ ಗುರುವನ್ನು ಅರಸಿ ಮನೆಯನ್ನೇ ಬಿಟ್ಟು ಹೋದ ಕಥೆ ಪ್ರಸಿದ್ಧವಾಗಿದೆ. ಅವರು ಮಹಾಗಾಯಕರಾದದ್ದು ಸಾಧನೆಯಿಂದ. ಆದರೆ ಮೊದಲು ಆದದ್ದು ಕೇಳುವಿಕೆ, ಅದೂ ಬೀದಿಯಲ್ಲಿ ನಿಂತು.

ಇನ್ನು, "ನಮ್ಮಂಥೋರಿಗೆ ಹೇಳಿಸಿದ್ದಲ್ಲ" ಎಂಬ ಮಾತಿಗೆ ಮರಳುತ್ತೇನೆ. ಇತಿಹಾಸವನ್ನು ಬೋಧಿಸುವವನಾಗಿ ನಾನು ಒಂದನ್ನು ಒಪ್ಪಿಕೊಳ್ಳಲೇಬೇಕು. ಈ ಮಾತು ಬರಿಯ ಸಂಕೋಚದಿಂದ ಹುಟ್ಟಿದ್ದಲ್ಲ. ಅರಮನೆ, ಅಗ್ರಹಾರ, ದೊಡ್ಡವರ ಹಜಾರಗಳಲ್ಲಿ ಬಹುಕಾಲ ಈ ಕಲೆ ಬೆಳೆಯಿತು. ಬಹಳ ಮಂದಿಗೆ ಅಲ್ಲಿ ಪ್ರವೇಶವಿರಲಿಲ್ಲ. ಗಂಗೂಬಾಯಿ ಹಾನಗಲ್ಲರು (1913–2009) ಬಾಲ್ಯದಲ್ಲಿ ಜಾತಿಯ ಕಾರಣದಿಂದ ಅವಮಾನವನ್ನು ಉಂಡವರು. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಯ ಮೇಲೆ ಗುಡಿಯನ್ನು ಕಟ್ಟಿಸಿದವರು ಬೆಂಗಳೂರು ನಾಗರತ್ನಮ್ಮನವರು (1878–1952). ಅದೇ ಸನ್ನಿಧಿಯ ಆರಾಧನೆಯಲ್ಲಿ ಹಾಡುವ ಹಕ್ಕು ಹೆಂಗಸರಿಗೆ ದೊರೆಯಲು ಅವರು ಹೋರಾಡಬೇಕಾಯಿತು. ಇಂಥವರು ಬಾಗಿಲನ್ನು ತಳ್ಳಿದ್ದರಿಂದಲೇ ಅದು ಇಂದು ಇಷ್ಟು ತೆರೆದಿದೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧರಾದ ಪಂಚಾಕ್ಷರಿ ಗವಾಯಿಗಳೂ (1892–1944) ಅವರ ತರುವಾಯ ಪುಟ್ಟರಾಜ ಗವಾಯಿಗಳೂ (1914–2010) ಬಡ ಹುಡುಗರಿಗೆ, ಕಣ್ಣಿಲ್ಲದವರಿಗೆ ಅನ್ನವಿಕ್ಕಿ ಸಂಗೀತವನ್ನು ಕಲಿಸಿದರು. ಮೈಸೂರಿನ ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ 'ಆಕಾಶವಾಣಿ' ಎಂಬ ರೇಡಿಯೋ ಕೇಂದ್ರವನ್ನು ನಡೆಸತೊಡಗಿದರು. ರೇಡಿಯೋ ಬಂದಮೇಲೆ ಅರಮನೆಯ ಸಂಗೀತ ಚಹದ ಅಂಗಡಿಗೂ ಬಂತು. ಇಂದು ಅದು ನಿಮ್ಮ ಜೇಬಿನಲ್ಲಿದೆ. ಇಷ್ಟು ಜನ ಇಷ್ಟು ಕಷ್ಟಪಟ್ಟು ನಮ್ಮ ಮನೆಯ ಬಾಗಿಲಿಗೆ ತಂದಿಟ್ಟಿರುವಾಗ, ಅದು ನಮಗೆ ಹೇಳಿಸಿದ್ದಲ್ಲವೆಂದು ನಾವೇ ಹೇಳಿಕೊಂಡರೆ, ಬಾಗಿಲು ಹಾಕಿದ್ದವರ ತೀರ್ಪನ್ನು ನಾವೇ ಜಾರಿ ಮಾಡಿದಂತಾಗುವುದಿಲ್ಲವೆ?

ಕೊನೆಯದಾಗಿ, ಪಾಠವನ್ನು ಸಂಕ್ಷೇಪಿಸಿ ಹೇಳುತ್ತೇನೆ; ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳಬಹುದು. ಮೊದಲ ತಿಂಗಳು ಆದಿತಾಳ ಮತ್ತು ದಿನಕ್ಕೆ ಐದು ನಿಮಿಷ ತಂಬೂರಿ. ಎರಡನೆಯ ತಿಂಗಳು ಮೋಹನವೊಂದೇ ರಾಗ, ಅದರಲ್ಲಿ ಒಂದೇ ಕೃತಿ, ಕನಿಷ್ಠ ಇಪ್ಪತ್ತು ಸಲ. ಮೂರನೆಯ ತಿಂಗಳು ಹಂಸಧ್ವನಿ. ಎರಡನ್ನೂ ಅದಲು ಬದಲು ಮಾಡಿ, ಹೆಸರು ನೋಡದೆ ಗುರುತಿಸುವ ಪರೀಕ್ಷೆ. ಗೆಳೆಯರಿಬ್ಬರು ಕೂಡಿ ಮಾಡಿದರೆ ಇದು ಒಳ್ಳೆಯ ಆಟವೂ ಆಗುತ್ತದೆ. ಅಷ್ಟಾದ ಮೇಲೆ ಒಂದು ಕಛೇರಿಗೆ ಹೋಗಿ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಿರಿ. ಮೃದಂಗದವರ ಕೈಯೂ ಹಾಡುಗಾರರ ಬೆರಳೂ ಕಾಣುವಂತೆ. ತಿಳಿಯದ ಭಾಗ ಬಂದಾಗ ಗಾಬರಿಯಾಗಬೇಡಿರಿ. ನನಗೆ ಇಂದಿಗೂ ಒಂದು ಕಛೇರಿಯಲ್ಲಿ ಅರ್ಧದಷ್ಟು ತಿಳಿಯುವುದಿಲ್ಲ. ತಿಳಿದ ಅರ್ಧಕ್ಕಾಗಿ ಹೋಗುತ್ತೇನೆ. ಬರುವಾಗ ಇನ್ನೊಂದು ಸ್ವಲ್ಪ ಸೇರಿರುತ್ತದೆ.

ಆ ಎರಡನೆಯ ವರ್ಷದ ವಿದ್ಯಾರ್ಥಿ ಈಗ ಅಂತಿಮ ತರಗತಿಯಲ್ಲಿದ್ದಾನೆ. ಮೊನ್ನೆ ಸಿಬ್ಬಂದಿಯ ಕೊಠಡಿಗೆ ಬಂದಿದ್ದಾಗ ಅವನ ತಂದೆಯ ವಿಚಾರ ಬಂತು. ಊರಿನ ಮಾರಿಹಬ್ಬದಲ್ಲಿ ಅವರು ಡೋಲು ಬಾರಿಸುವವರಂತೆ. "ಅವರು ಬಾರಿಸುವ ಪೆಟ್ಟುಗಳನ್ನು ಎಂದಾದರೂ ಎಣಿಸಿದ್ದೀಯೇನಯ್ಯಾ?" ಎಂದು ಕೇಳಿದೆ. ಇಲ್ಲವೆಂದ. "ರಜಕ್ಕೆ ಹೋದಾಗ ಪಕ್ಕದಲ್ಲಿ ಕೂತು ಎಣಿಸು. ಎಣಿಕೆ ಎಲ್ಲಿಗೆ ಮರಳುತ್ತದೆಂದು ಅವರನ್ನೇ ಕೇಳು, ಸಂತೋಷವಾಗಿ ಹೇಳಿಯಾರು" ಎಂದೆ. ನನ್ನ ತಾತನನ್ನು ನಾನು ಕೇಳದೆ ಹೋದೆ. ಅವನು ಕೇಳಲಿ. ಈ ವರ್ಷದ ವಾರ್ಷಿಕೋತ್ಸವದ ಕಛೇರಿಗೆ ನನ್ನ ಪಕ್ಕದಲ್ಲಿ ಅವನಿಗೊಂದು ಜಾಗ ಹಿಡಿದಿಟ್ಟಿರುತ್ತೇನೆ.